ಚೀಟಿಯ ಇಪ್ಪತ್ತಮೂರನೇ ಸಾಲು

ನಮ್ಮತ್ತೆ ತೀರಿಕೊಂಡ ಮೇಲೂ ಒಂದು ವರ್ಷ ನಮ್ಮ ಮೆಸ್ಸಿನಲ್ಲಿ ಅವರದೇ ದರ್ಬಾರು ನಡೆಯಿತು. ಬೆಳಗ್ಗೆ ಆರಕ್ಕೆ ಗಾಳಿ ಬಂದು ಕದ ತೆರೆಯುತ್ತಿತ್ತು, ಒಲೆ ಊದುತ್ತಿತ್ತು, ನೆಲ ಗುಡಿಸುತ್ತಿತ್ತು. ಮಧ್ಯಾಹ್ನ ಪಂಕ್ತಿಗೆ ಕೂತವರ ಬೆವರು ಆರಿಸಿ, ಉಂಡೆದ್ದವರ ಎಲೆ ಮಡಚಿ ಹಿತ್ತಿಲಿನ ತೊಟ್ಟಿಗೆ ಹಾಕಿ ಬರುತ್ತಿತ್ತು. ಇದ್ಯಾವುದೂ ನಾನು ಹೇಳಿ ಮಾಡಿಸಿದ್ದಲ್ಲ. ಅಡುಗೆಮನೆಯ ತಂತಿಗೆ ಅತ್ತೆ ಸಿಕ್ಕಿಸಿ ಹೋಗಿದ್ದ ನಲವತ್ತು ಸಾಲಿನ ಚೀಟಿಯಲ್ಲಿ ಹಾಗೆ ಬರೆದಿತ್ತು, ಗಾಳಿ ಹಾಗೇ ಮಾಡುತ್ತಿತ್ತು, ಅಷ್ಟೆ.

ಬೇರೆ ಊರಿನವರು ನಮ್ಮಲ್ಲಿಗೆ ಬಂದರೆ ಮೊದಲು ಕೇಳುವುದು, ಗಾಳಿ ಅದು ಹೇಗೆ ಓದುತ್ತದೆ ಅಂತ. ನಿಮ್ಮೂರಿನಲ್ಲಿ ನೀರು ಯಾವಾಗಲೂ ತಗ್ಗಿಗೇ ಯಾಕೆ ಹರಿಯುತ್ತದೆ ಅಂತ ನಾನು ಕೇಳುತ್ತೇನೆ. ಅವರು ಊಟ ಮುಂದುವರಿಸುತ್ತಾರೆ, ನಾನು ಬಡಿಸುವುದು ಮುಂದುವರಿಸುತ್ತೇನೆ.

ತೀರಿಕೊಂಡವರ ಚೀಟಿ ಒಂದು ವರ್ಷ ನಡೆಯುತ್ತದೆ. ವರ್ಷ ತುಂಬಿದ ದಿನ ಮಧ್ಯಾಹ್ನ ತಾನಾಗಿ ಕಳಚಿ ಬೀಳುತ್ತದೆ. ಆಮೇಲೆ ಗಾಳಿ ಒಂದು ಪಂಕ್ತಿ ಕೂತು ಏಳುವಷ್ಟು ಹೊತ್ತು ಕಾಯುತ್ತದೆ. ಅಷ್ಟರೊಳಗೆ ಮನೆಯವರು ಹೊಸ ಚೀಟಿ ಸಿಕ್ಕಿಸಬೇಕು, ಅದು ಗಾಳಿಗೆ ಅರ್ಥವಾಗಬೇಕು. ಇಲ್ಲದಿದ್ದರೆ ಎದ್ದು ಹೊರಟೇಹೋಗುತ್ತದೆ. ಗಾಳಿ ಬಿಟ್ಟ ಮನೆಯಲ್ಲಿ ಒಲೆ ಹತ್ತುವುದಿಲ್ಲ, ಹೊಗೆ ಮೇಲಕ್ಕೆ ಏಳುವುದಿಲ್ಲ, ಹಪ್ಪಳ ಒಣಗುವುದಿಲ್ಲ. ಅಂಥ ಮನೆಯಲ್ಲಿ ಮೆಸ್ ನಡೆಸುವ ಮಾತು ದೂರವೇ ಉಳಿಯಿತು.

ನಾನು ಮಾದಲಾಂಬೆ. ಆಗ ನನಗೆ ಐವತ್ತೊಂದು ವರ್ಷ. ಮದುವೆಯಾಗಿ ಬಂದ ದಿನದಿಂದ ಅಡುಗೆ ನನ್ನದು, ಚೀಟಿ ಅತ್ತೆಯದು. ಅವರು ತಂತಿಯ ಹತ್ತಿರ ನನ್ನನ್ನು ಬಿಟ್ಟುಕೊಳ್ಳಲಿಲ್ಲ, ನಾನು ಒಲೆಯ ಹತ್ತಿರ ಅವರನ್ನು ಬಿಟ್ಟುಕೊಳ್ಳಲಿಲ್ಲ. ಹೀಗಾಗಿ ಒಂದು ಸಾಲು ಗಾಳಿಭಾಷೆಯೂ ಬಾರದೆ ನಾನು ಮೂವತ್ತೊಂದು ವರ್ಷ ಹಾಯಾಗಿದ್ದೆ.

ಅತ್ತೆಯ ಹದಿಮೂರನೇ ದಿನ ಮುಗಿಯುತ್ತಿದ್ದಂತೆ ನನ್ನ ನಾದಿನಿ ಶಾಂಭವಿ ಬಂದು ಪಕ್ಕದಲ್ಲಿ ಕೂತಳು. ಅವಳ ಗಂಡನ ಮನೆಯಲ್ಲಿ ಹಿಟ್ಟಿನ ಗಿರಣಿ ಇದೆ.

"ಅತ್ತಿಗೆ, ಗಿರಣಿ ಮೇಲಿನ ರೂಮಿಗೆ ಸುಣ್ಣ ಹೊಡೆಸ್ತೀನಿ. ವರ್ಷ ತುಂಬಿದ ಮೇಲೆ ನೀವಿಬ್ಬರೂ ಅಲ್ಲಿಗೇ ಬಂದ್ಬಿಡಿ. ಅಣ್ಣ ಗಿರಣೀಲಿ ಕೂತ್ಕೊಳ್ಳಲಿ. ನೀವು ನಮ್ಮನೆಗೆ ಅಡುಗೆ ಮಾಡ್ಕೊಂಡು ಆರಾಮಾಗಿರಿ."

ಎಂಟು ಜನರ ಮನೆಗೆ ಮೂರು ಹೊತ್ತು ಅಡುಗೆ ಮಾಡಿಕೊಂಡು ಆರಾಮಾಗಿರುವುದು ಹೇಗೆ ಅಂತ ನಾನು ಕೇಳಲಿಲ್ಲ. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ನನ್ನ ಒಲೆ, ನನ್ನ ಪಂಕ್ತಿ, ಮೂರು ಬೀದಿಯಾಚೆಯಿಂದ ಜನ ಹುಡುಕಿಕೊಂಡು ಬರುವ ನನ್ನ ಸಾರು, ಇವನ್ನು ಬಿಟ್ಟು ಗಿರಣಿಯ ದಡದಡ ಸದ್ದಿನ ಮೇಲೆ ಮಲಗುವುದನ್ನು ನೆನೆಸಿಕೊಂಡು ಅವತ್ತು ನನಗೆ ನಿದ್ದೆ ಬರಲಿಲ್ಲ.

"ನೀನೇನೂ ಯೋಚ್ನೆ ಮಾಡ್ಬೇಡ ಮಾದೂ. ನಾನು ಕಲ್ತುಬಿಡ್ತೀನಿ" ಅಂದರು ನಮ್ಮೆಜಮಾನರು.

ನಮ್ಮೆಜಮಾನರ ಹೆಸರು ಪಂಚಾಕ್ಷರಿ. ಪಂಕ್ತಿಗೆ ಎಲೆ ಹಾಕಿ ಮಜ್ಜಿಗೆ ಬಡಿಸುವುದು ಅವರ ಕೆಲಸ, ಉಳಿದ ಹೊತ್ತು ಓದು. ಮಾರನೇ ದಿನವೇ ಪೇಟೆಗೆ ಹೋಗಿ 'ಇಪ್ಪತ್ತೊಂದು ದಿನಗಳಲ್ಲಿ ಗಾಳಿ ನಿಮ್ಮ ಅಂಗೈಯಲ್ಲಿ' ಅನ್ನುವ ದಪ್ಪ ಪುಸ್ತಕ ತಂದರು. ಅದನ್ನು ಓದಲು ಎರಡು ತಿಂಗಳು ಬೇಕಾಯಿತು. ಅಷ್ಟರಲ್ಲಿ ಯಾರೋ, ಮೂಡಣ ಗಾಳಿಯ ಭಾಷೆ ಹಳತಾಯಿತು, ಈಗೆಲ್ಲ ಪಡುವಣ ಗಾಳಿಗೇ ಬರೆಯುತ್ತಾರೆ ಅಂದರು. ಪಡುವಣದ ಪುಸ್ತಕ ಬಂತು. ಅದರ ಅರ್ಧಕ್ಕೆ ಬಂದಾಗ ಇನ್ಯಾರೋ, ಬುದ್ಧಿವಂತರೆಲ್ಲ ತೆಂಕಣಕ್ಕೆ ಹೋದರು ಅಂದರು. ತೆಂಕಣದ ಪುಸ್ತಕವೂ ಬಂತು. ಬರೆಯಲು ನುಣುಪಾದ ಕಾಗದ, ಮೂರು ಬಣ್ಣದ ಶಾಯಿ, ಚೀಟಿ ಕತ್ತರಿಸಲು ಬೇರೆಯೇ ಒಂದು ಕತ್ತರಿ ಎಲ್ಲ ಬಂದವು. ಚೀಟಿ ಒಂದೂ ಬರಲಿಲ್ಲ. ಆದರೆ ಗಾಳಿಭಾಷೆಯ ಮುನ್ನೂರು ಆಜ್ಞೆಗಳು ಅವರಿಗೆ ಬಾಯಿಪಾಠವಾದವು. ಮಜ್ಜಿಗೆ ಬಡಿಸುತ್ತ ಗಿರಾಕಿಗಳಿಗೆ ಒಪ್ಪಿಸುತ್ತಿದ್ದರು, ಪಾಪ, ಅವರು ಮಜ್ಜಿಗೆಗೋಸ್ಕರ ಕೇಳಿಸಿಕೊಳ್ಳುತ್ತಿದ್ದರು.

ಐದು ತಿಂಗಳು ಹೀಗೆ ಹೋದ ಮೇಲೆ ನನಗೆ ಗಾಬರಿಯಾಗಿ ನಾನೇ ಪೆನ್ನು ಹಿಡಿದೆ. ನನಗೆ ಬರುತ್ತಿದ್ದ ಬರವಣಿಗೆಯೆಂದರೆ ಕಾಗದ ಬರೆಯುವುದು. ಹಾಗಾಗಿ, 'ಗಾಳಿರಾಯರ ಸನ್ನಿಧಿಗೆ ಮಾದಲಾಂಬೆ ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಯುವುದು' ಎಂದು ಶುರುಮಾಡಿ, ಮೆಸ್ಸಿನ ಕೆಲಸವನ್ನೆಲ್ಲ ವಿವರವಾಗಿ ಎರಡು ಪುಟ ಬರೆದು ಅತ್ತೆಯ ಚೀಟಿಯ ಪಕ್ಕ ಸಿಕ್ಕಿಸಿದೆ. ಗಾಳಿ ಒಂದು ಸುತ್ತು ಬಂದು, ಕಾಗದದ ಅಂಚು ಮಡಚಿ, ಅದನ್ನು ತಂದು ನನ್ನ ಮುಖಕ್ಕೆ ಹೊಡೆಯಿತು. ನಮ್ಮೂರಿನಲ್ಲಿ ಗಾಳಿಗೆ ತಿಳಿಯದ ಚೀಟಿಗಳೆಲ್ಲ ಹೀಗೇ ವಾಪಸ್ ಬರುತ್ತವೆ. ಮತ್ತೆ ಬರೆದೆ, ಮತ್ತೆ ಬಂತು. ಹೀಗೆ ಹದಿನೈದು ದಿನ ಮುಖಕ್ಕೆ ಹೊಡೆಸಿಕೊಂಡ ಮೇಲೆ, ನನ್ನ ತಲೆಗೆ ಇದು ಹತ್ತುವುದಿಲ್ಲ ಅಂತ ನನಗೆ ಖಾತ್ರಿಯಾಯಿತು.

ನಮ್ಮ ಮೆಸ್ಸಿನ ಎದುರಿಗೆ ಜೈತುನ್‌ಬಿ ಅವರ ಕೊಡೆ ರಿಪೇರಿ ಅಂಗಡಿ. ನಮ್ಮೂರಿನಲ್ಲಿ ಕೊಡೆಗಳ ಗತಿ ಏನೆಂದು ಯಾರಾದರೂ ಊಹಿಸಬಹುದು, ಅವರಿಗೆ ಕೈ ಬಿಡುವಿರುವುದಿಲ್ಲ. ಮಧ್ಯಾಹ್ನ ನಮ್ಮಲ್ಲೇ ಊಟ. ಅವತ್ತು ನನ್ನ ಕೆನ್ನೆಯ ಮೇಲಿದ್ದ ಕಾಗದದ ಗೀರು ನೋಡಿ ಕೇಳಿದರು.

"ಎಷ್ಟು ಚೀಟಿ ವಾಪಸ್ ಬಂತು ಮಾದಲಮ್ಮ?"

"ಯಾರಿಗ್ಗೊತ್ತು ಜೈತುನಕ್ಕ. ಬಂದಿದ್ದನ್ನೆಲ್ಲ ಒಲೆಗೆ ಹಾಕ್ತಾ ಇದೀನಿ."

"ಓದ್ದೇನೇ ಹಾಕ್ತೀರಾ? ಗಾಳಿ ಅಂಚು ಮಡಚಿ ಕೊಡೋದು ಯಾಕೆ ಅನ್ಕೊಂಡಿದೀರಿ?"

"ನನಗೆ ಅವಮಾನ ಮಾಡೋಕೆ."

"ಅದಕ್ಕೆ ನಿಮ್ಮ ಮೇಲೆ ಅಷ್ಟೊಂದು ಗಮನ ಎಲ್ಲಿದೆ?" ಅಂದರು ಅವರು ಅನ್ನ ಕಲಸುತ್ತ. "ಎಲ್ಲಿ ತಿಳೀಲಿಲ್ವೋ ಆ ಸಾಲಿನ ಹತ್ರ ಮಡಚತ್ತೆ. ನಿಮಗೆ ಸಹಾಯ ಮಾಡ್ತಾ ಇದೆ ಅದು. ನನ್ನ ಹತ್ರ ಕೊಡೆ ತರೋರು ಎಲ್ಲಿ ಮುರಿದಿದೆ ಅಂತ ಹೇಳಿದ್ರೆ ನಾನು ಕಾಲಿಗೆ ಬೀಳ್ತೀನಿ. ನಿಮಗೆ ಪುಕ್ಕಟೆ ಹೇಳ್ತಾ ಇದೆ, ನೀವು ಒಲೆಗೆ ಹಾಕ್ತೀರಿ."

ನಾನು ಅವರ ಎಲೆಗೆ ಸಾರು ಇನ್ನೊಂದು ಸೌಟು ಹಾಕಿದೆ.

"ಎರಡು ಪುಟ ಯಾಕೆ ಬರೀತೀರಿ? ಒಂದು ಸಾಲು ಬರೀರಿ. ಅದು ನಡೆದ ಮೇಲೆ ಇನ್ನೊಂದು. ಪುಸ್ತಕ ಮುಗಿಯೋ ತನಕ ಕಾಯಬೇಡಿ. ಮನೇಲಿರೋ ಗಾಳಿ ಯಾವುದೋ ಅದರ ಭಾಷೆ ಸಾಕು, ಬೇರೆ ಗಾಳಿಗಳ ಯೋಗಕ್ಷೇಮ ನಿಮಗ್ಯಾಕೆ."

ಅವತ್ತೇ, ಪಾತ್ರೆಗಳು ನೀರಲ್ಲಿ ನೆನೆಯುತ್ತಿದ್ದ ಬಿಡುವಿನಲ್ಲಿ, ಒಂದೇ ಸಾಲು ಬರೆದೆ. ಬಾಗಿಲು ಮುಚ್ಚು. ಚೀಟಿ ಸಿಕ್ಕಿಸಿ, ಹೊರಗಿನಿಂದ ನೋಡೋಣವೆಂದು ಜಗಲಿಗೆ ಬಂದು ನಿಂತೆ. ಗಾಳಿ ಬೀದಿಬಾಗಿಲು ಮುಚ್ಚಿತು. ಹಿತ್ತಿಲ ಬಾಗಿಲು ಮುಚ್ಚಿತು. ದೇವರ ಗೂಡಿನ ಬಾಗಿಲು, ಬೀರುವಿನ ಬಾಗಿಲು, ಹಾಲಿನ ಕಪಾಟಿನ ಬಾಗಿಲು, ಕೊನೆಗೆ ನಮ್ಮೆಜಮಾನರು ಒಳಗಿದ್ದ ಬಚ್ಚಲಿನ ಬಾಗಿಲನ್ನೂ ಮುಚ್ಚಿ ಅಗಣಿ ಹಾಕಿತು. ನಾನು ಹೊರಗೆ, ಅವರು ಬಚ್ಚಲಲ್ಲಿ.

"ಮಾದೂ, ಇದು ಮೂರನೇ ಅಧ್ಯಾಯದಲ್ಲಿ ಬರತ್ತೆ" ಅಂತ ಅವರ ದನಿ ಕೇಳಿಸಿತು. "ಯಾವ ಬಾಗಿಲು ಅಂತ ಬಿಡಿಸಿ ಹೇಳ್ಬೇಕು."

"ಅಷ್ಟು ಗೊತ್ತಿದ್ರೆ ನೀವೇ ಬರೀಬಹುದಿತ್ತಲ್ರೀ."

"ನಾನಿನ್ನೂ ಎರಡನೇ ಪುಸ್ತಕ ಮುಗಿಸಿಲ್ಲ ಕಣೇ."

ಅವರನ್ನು ಹೊರಗೆ ತರಲು ಬಡಗಿ ಬರಬೇಕಾಯಿತು. ಆದರೂ ಜಗಲಿಯ ಮೇಲೆ ಕೂತ ನನಗೆ ಅಳು ಬರುವಷ್ಟು ಖುಷಿಯಾಗಿತ್ತು. ಮೂವತ್ತೊಂದು ವರ್ಷದಲ್ಲಿ ಆ ಮನೆಯಲ್ಲಿ ಮೊದಲ ಸಲ ನಾನು ಹೇಳಿದ್ದನ್ನು ಒಬ್ಬರು ಹೇಳಿದ ತಕ್ಷಣ ಮಾಡಿದ್ದರು.

ಅಲ್ಲಿಂದ ದಿನಕ್ಕೊಂದು ಸಾಲು. ಎಲೆಗಳನ್ನು ತೊಟ್ಟಿಗೆ ಹಾಕು ಅಂತ ಬರೆದ ದಿನ ಗಾಳಿ ಉಂಡ ಎಲೆ, ಉಣ್ಣುತ್ತಿದ್ದ ಎಲೆ, ಇನ್ನೂ ಬಡಿಸದ ಎಲೆ ಎಲ್ಲವನ್ನೂ ಎತ್ತಿಕೊಂಡು ಹೋಗಿ, ಹಿತ್ತಿಲಿನ ಬಾಳೆಗಿಡದ ಏಳು ಎಲೆಗಳನ್ನೂ ಕಿತ್ತು ತೊಟ್ಟಿಗೆ ತುಂಬಿತು. ಹಾರ್ಮೋನಿಯಂ ರಿಪೇರಿಯ ಶಿವಬಸಯ್ಯನವರು ಕೈಯಲ್ಲಿ ಉಳಿದ ತುತ್ತನ್ನು ನೋಡುತ್ತ ಬಹಳ ಹೊತ್ತು ಕೂತಿದ್ದರು. ಉಂಡು ಎದ್ದಿದ್ದರೆ ಮಾತ್ರ, ಅಂತ ಸೇರಿಸುವುದನ್ನು ಅವತ್ತು ಕಲಿತೆ. ಪುಸ್ತಕದಲ್ಲಿ ಓದಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದೆನೇನೋ. ಶಿವಬಸಯ್ಯನವರ ಮುಖ ಮಾತ್ರ ಮರೆಯುವಂಥದ್ದಲ್ಲ.

ಇನ್ನೊಂದು ಸಲ ನೆಲ ಗುಡಿಸು, ಆಮೇಲೆ ಮತ್ತೆ ಮೊದಲನೇ ಸಾಲಿಗೆ ಹೋಗು ಅಂತ ಬರೆದೆ. ಚೊಕ್ಕಟವಾಗಿರಲಿ ಅನ್ನುವ ಆಸೆ. ಯಾವಾಗ ನಿಲ್ಲಿಸಬೇಕು ಅನ್ನುವುದನ್ನು ಬರೆದಿರಲಿಲ್ಲ. ಗಾಳಿ ಧೂಳು ಗುಡಿಸಿತು, ಚಾಪೆ ಗುಡಿಸಿತು, ಚೀಟಿ ಕೀಳಲು ಹೊರಟ ನನ್ನನ್ನೂ ಮೂರು ಸಲ ಬೀದಿಗೆ ಗುಡಿಸಿ ಹಾಕಿತು. ಕೊನೆಗೆ ಜೈತುನ್‌ಬಿ ಒಂದು ದೊಡ್ಡ ಕೊಡೆಯನ್ನು ಗುರಾಣಿಯ ಹಾಗೆ ಹಿಡಿದು ಒಳಗೆ ನುಗ್ಗಿ ಚೀಟಿ ಕಿತ್ತರು.

"ಇವತ್ತು ಬರೆದಿದ್ದನ್ನ ಸಿಕ್ಕಿಸೋ ಮುಂಚೆ ಯಾರಿಗಾದ್ರೂ ಜೋರಾಗಿ ಓದಿ ಹೇಳಿದ್ರಾ?" ಅಂತ ಕೇಳಿದರು, ಏದುಸಿರು ಬಿಡುತ್ತ.

"ಯಾರಿಗೆ ಹೇಳ್ಲಿ? ಇವರಿಗೆ ಹೇಳಿದ್ರೆ ಅಧ್ಯಾಯ ಒಪ್ಪಿಸ್ತಾರೆ."

"ಹಾಗಿದ್ರೆ ಬಾಯಿಲ್ಲದೋರಿಗೆ ಹೇಳಿ."

ಮೆಸ್ಸಿನ ಬಾಗಿಲಲ್ಲಿ ದೃಷ್ಟಿಗೆ ಕಟ್ಟಿದ್ದ ಬೂದುಗುಂಬಳಕಾಯಿ ಇತ್ತು. ಅದಕ್ಕೆ ಹೇಳತೊಡಗಿದೆ. ಮೊದಲು ಇದಾಗುತ್ತದೆ, ಅದಾದ ಮೇಲೆ ಇದು, ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ. ಅದಕ್ಕೆ ಏನೂ ಗೊತ್ತಿಲ್ಲದ ಕಾರಣ ಎಲ್ಲವನ್ನೂ ಬಿಡಿಸಿ ಹೇಳಬೇಕಾಗುತ್ತಿತ್ತು. ಹೇಳುತ್ತ ಹೇಳುತ್ತ, ಅರ್ಧದಲ್ಲೇ ನನ್ನ ತಪ್ಪು ನನಗೇ ಕಾಣಿಸುತ್ತಿತ್ತು. ಅತ್ತೆ ಹೋದ ದುಃಖಕ್ಕೆ ಮಾದಲಮ್ಮನಿಗೆ ಹೀಗಾಗಿದೆ ಅಂತ ಬೀದಿಯವರು ಒಂದಷ್ಟು ದಿನ ನನ್ನ ಜೊತೆ ಮೆಲುದನಿಯಲ್ಲಿ ಮಾತಾಡಿದರು.

ಸಣ್ಣಸಣ್ಣ ಸಾಲು ಕೈಗೆ ಹತ್ತಿದ ಮೇಲೆ ಜೈತುನ್‌ಬಿ ಇನ್ನೊಂದು ಮಾತು ಹೇಳಿದರು. "ಇಷ್ಟು ವರ್ಷ ನಡೆದಿರೋ ಚೀಟಿ ನಿಮ್ಮ ತಂತೀಲೇ ಇದೆ. ಅದನ್ನ ಕೈಯಾರೆ ನಕಲು ಮಾಡಿ. ಒಂದೊಂದು ಪದ ಬದಲಾಯ್ಸಿ ಏನಾಗತ್ತೆ ನೋಡಿ. ಒಂದೊಂದು ಸಾಲೂ ಬೇರೆ ಬೇರೆ ನಡೆಸಿ ನೋಡದೆ ಜೋಡಿಸ್ಬೇಡಿ."

ತೀರಿಕೊಂಡವರ ಚೀಟಿಯನ್ನು ತಂತಿಯಿಂದ ಇಳಿಸಿದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ದಿನಾ ಮಧ್ಯಾಹ್ನ ಸ್ಟೂಲಿನ ಮೇಲೆ ನಿಂತು, ಕತ್ತು ಚಾಚಿ, ಅತ್ತೆಯ ಅಕ್ಷರ ಇಳಿಸಿಕೊಳ್ಳತೊಡಗಿದೆ. ಅರಿಶಿನದ ಕಲೆ, ಎಣ್ಣೆಯ ಕಲೆ, ಇರುವೆಗಳಂಥ ಅಕ್ಷರ. ಓದುತ್ತ ಹೋದ ಹಾಗೆ ಮುದುಕಿಯ ಜಾಣತನಕ್ಕೆ ನನಗೆ ಹೊಟ್ಟೆಕಿಚ್ಚೇ ಆಯಿತು. ಒಂಬತ್ತನೇ ಸಾಲಿನಲ್ಲಿ, ಪಂಚಾಕ್ಷರಿ ಪುಸ್ತಕ ಹಿಡಿದು ಎರಡು ಗಂಟೆ ಮೀರಿದರೆ ಪುಟಗಳನ್ನು ಮಗುಚಿಹಾಕು ಅಂತಿತ್ತು. ನಮ್ಮೆಜಮಾನರ ಓದು ಯಾಕೆ ಮುಂದಕ್ಕೆ ಹೋಗುತ್ತಿರಲಿಲ್ಲ ಅನ್ನುವುದು ಅವತ್ತು ತಿಳಿಯಿತು. ನಾನು ಅವರಿಗೆ ಹೇಳಲಿಲ್ಲ.

ಹತ್ತನೇ ತಿಂಗಳಲ್ಲಿ ಇಪ್ಪತ್ತಮೂರನೇ ಸಾಲಿಗೆ ಬಂದೆ. ಅದನ್ನು ಅತ್ತೆ ಅಂಚಿನಲ್ಲಿ, ಇನ್ನೂ ಸಣ್ಣದಾಗಿ ಬರೆದಿದ್ದರು. ಎಂದಿನಂತೆ ಇಳಿಸಿಕೊಂಡು ಹೋಗಿ ಕುಂಬಳಕಾಯಿಯ ಮುಂದೆ ನಿಂತು ಓದಿದೆ.

ಸೊಸೆ ಬೆನ್ನು ತಿರುಗಿಸಿದಾಗ ಸಾರಿನ ಉಪ್ಪು ನೋಡು. ಕಡಿಮೆಯಿದ್ದರೆ ಸಮಕ್ಕೆ ತಾ. ಅವಳು ತಿರುಗಿ ನೋಡಿದರೆ ಅಲ್ಲಿಗೇ ನಿಲ್ಲಿಸು.

ಮೂರು ಬೀದಿಯಾಚೆಯಿಂದ ಜನ ಬರುತ್ತಿದ್ದದ್ದು ನನ್ನ ಸಾರಿಗೆ. ಮದುವೆಮನೆಗಳಲ್ಲಿ ಬಾಣಸಿಗರು ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟು ಕೇಳುತ್ತಿದ್ದರು. ನಾನು ಗತ್ತಿನಿಂದ, ಕೈಗುಣ ಕಣ್ರೀ, ಹೇಳಿಕೊಟ್ಟರೆ ಬರುವುದಲ್ಲ ಅನ್ನುತ್ತಿದ್ದೆ. ಆ ಮಾತು ಹೇಳುವಾಗಲೆಲ್ಲ ಅತ್ತೆ ಪಕ್ಕದಲ್ಲೇ ಅಡಿಕೆ ಕತ್ತರಿಸುತ್ತ ಕೂತಿರುತ್ತಿದ್ದರು. ಒಂದು ದಿನವೂ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ನಂಬಲಾರದೆ ಪರೀಕ್ಷೆ ಮಾಡಿದೆ. ಮೂರು ದಿನ ಸಾರು ಇಳಿಸುವವರೆಗೂ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. ಕೊತ್ತಂಬರಿ ಬೇಕಾದರೆ ಹಿಂದಕ್ಕೆ ನಡೆದು ಹೋಗಿ ತಂದೆ. ಮೊದಲ ದಿನ ಶಿವಬಸಯ್ಯನವರು ಮೂರು ಸಲ ಉಪ್ಪಿನಕಾಯಿ ಕೇಳಿದರು. ಎರಡನೇ ದಿನ ಬೇಕೆಂದೇ ಒಂದು ಹಿಡಿ ಜಾಸ್ತಿ ಹಾಕಿದೆ, ಊರಿನ ಮಜ್ಜಿಗೆಯೆಲ್ಲ ಖಾಲಿಯಾಯಿತು. ಮೂರನೇ ದಿನ ಹತ್ತು ಸಲ ರುಚಿ ನೋಡಿ ನೋಡಿ ಹದ ಮಾಡಿದೆ. ನನ್ನ ನಾಲಿಗೆಗೆ ಅದು ಅಮೃತವಾಗಿತ್ತು. ಜೈತುನ್‌ಬಿ ಎರಡು ತುತ್ತು ತಿಂದು, "ಜ್ವರ ಬಂದೋರಿಗೆ ಮಾಡಿದ್ದಾ?" ಅಂತ ಕೇಳಿದರು. ನಮ್ಮೆಜಮಾನರು ಮಾತ್ರ ಮೂರು ದಿನವೂ ಚೆನ್ನಾಗಿದೆ ಚೆನ್ನಾಗಿದೆ ಅನ್ನುತ್ತಲೇ ಉಂಡರು. ಗಾಳಿಗೆ ನಾಲಿಗೆ ಇದೆಯೋ ಇಲ್ಲವೋ, ನನಗಂತೂ ಇಲ್ಲ ಅನ್ನುವುದು ಗೊತ್ತಾಯಿತು.

ಅತ್ತೆಯ ಫೋಟೋದ ಜೊತೆ ಎರಡು ದಿನ ಜಗಳವಾಡಿದೆ. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಗಂಟೇನು ಹೋಗುತ್ತಿತ್ತು? ಹೇಳಿದ್ದರೆ ನಾನು ಅವತ್ತೇ ಟ್ರಂಕು ಹಿಡಿದು ತವರಿಗೆ ಹೋಗುತ್ತಿದ್ದೆ, ಅದೂ ನಿಜ. ಆ ಯೋಚನೆ ಬಂದ ಮೇಲೆ ಜಗಳದ ಬಿಸಿ ಇಳಿಯಿತು, ನಾಚಿಕೆ ಉಳಿಯಿತು. ಮೆಸ್ ಉಳಿಯಬೇಕಾದರೆ ಆ ಸಾಲು ನನ್ನ ಚೀಟಿಯಲ್ಲೂ ಇರಲೇಬೇಕಿತ್ತು. ಅತ್ತೆಯ ನಲವತ್ತರಲ್ಲಿ ನನಗೆ ಬೇಕಾದ ಹದಿನಾಲ್ಕನ್ನು ಆರಿಸಿ, ಒಂದೊಂದನ್ನೂ ನಡೆಸಿ ನೋಡಿ, ಕುಂಬಳಕಾಯಿಗೆ ಹೇಳಿ, ಜೈತುನ್‌ಬಿಗೆ ತೋರಿಸಿ ಜೋಡಿಸಿದೆ. ಉಪ್ಪಿನ ಸಾಲನ್ನು ಮಾತ್ರ ನಡೆಸಿಯೂ ನೋಡಲಿಲ್ಲ, ಯಾರಿಗೂ ತೋರಿಸಲೂ ಇಲ್ಲ. ಅರ್ಧ ಕಣ್ಣು ಮುಚ್ಚಿಕೊಂಡು, ಅತ್ತೆ ಬರೆದಂತೆಯೇ ಅಕ್ಷರ ಬಿಡದೆ ಇಳಿಸಿ, ಒಂಬತ್ತನೆಯದಾಗಿ ಸೇರಿಸಿಬಿಟ್ಟೆ.

ವರ್ಷದ ದಿನ ಬಂತು. ನಮ್ಮ ಖಾಯಂ ಗಿರಾಕಿಗಳೆಲ್ಲ ಪಂಕ್ತಿಗೆ ಬಂದಿದ್ದರು. ಶಾಂಭವಿ ಒಂದು ಕೈಗಾಡಿ, ಪಾತ್ರೆ ಕಟ್ಟಲು ಹಗ್ಗ, ಜೊತೆಗೆ ತಾನು ಮಾಡಿದ ಒಂದು ಡಬ್ಬಿ ರವೆಉಂಡೆ ತಂದಿದ್ದಳು. ಡಬ್ಬಿಯನ್ನು ಸಾರಿನ ಪಾತ್ರೆಯ ಪಕ್ಕ ಇಟ್ಟು, ಹಗ್ಗವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಎಲೆಗೆ ಕೋಸಂಬರಿ ಬೀಳುವ ಹೊತ್ತಿಗೆ ಅತ್ತೆಯ ಚೀಟಿ ಕಳಚಿ ನೆಲಕ್ಕೆ ಬಿತ್ತು. ಬೀಸುತ್ತಿದ್ದದ್ದು ನಿಂತಿತು. ಒಲೆಯ ಹೊಗೆ ಎಲ್ಲಿತ್ತೋ ಅಲ್ಲೇ ಗಂಟಾಗಿ ನಿಂತಿತು.

"ನಾನು ಮೊದಲು" ಅಂದರು ನಮ್ಮೆಜಮಾನರು. ಕಲಿತ ಮುನ್ನೂರು ಆಜ್ಞೆಗಳನ್ನೂ ಬಳಸಿ ನೂರಹನ್ನೆರಡು ಸಾಲಿನ ಚೀಟಿ ಬರೆದಿದ್ದರು, ಮೂರು ಬಣ್ಣದಲ್ಲಿ. ಅದಕ್ಕೆ ಮುಂಚೆ ಒಂದು ಸಾಲನ್ನೂ ತಂತಿಗೆ ಏರಿಸಿ ನೋಡಿರಲಿಲ್ಲ. ಗಾಳಿ ಬಹಳ ಹೊತ್ತು ಓದಿತು. ಚೀಟಿ ವಾಪಸ್ ಬಂದಾಗ ನೂರಹನ್ನೆರಡು ಕಡೆ ಮಡಿಕೆ ಬಿದ್ದು ಬೀಸಣಿಗೆಯ ಹಾಗಾಗಿತ್ತು. ಅವರು ಅದನ್ನು ಎತ್ತಿಕೊಂಡು, ಸುಮ್ಮನೆ ಬೀಸಿಕೊಳ್ಳುತ್ತ, "ಒಂದು ಸಾಲೂ ಬಿಡದೆ ಓದಿದೆ, ನೋಡಿ" ಅಂದರು. ನನಗೆ ಅವರ ಮೇಲೆ ಅವತ್ತು ಬಂದಷ್ಟು ಪ್ರೀತಿ ಮದುವೆಯ ದಿನವೂ ಬಂದಿರಲಿಲ್ಲ.

ಅಷ್ಟರಲ್ಲಿ ಪಂಕ್ತಿಯವರಿಗೆ ವಿಷಯ ಅರ್ಥವಾಗಿತ್ತು. ಅವರು ಏಳುವ ತನಕ ಮಾತ್ರ ಗಾಳಿ ಇರುತ್ತದೆ. ಜೈತುನ್‌ಬಿ ಕೋಸಂಬರಿಯ ಹೆಸರುಬೇಳೆಯನ್ನು ಒಂದೊಂದಾಗಿ ಎತ್ತಿ ಬಾಯಿಗೆ ಹಾಕತೊಡಗಿದರು. ಶಿವಬಸಯ್ಯನವರು ಒಂದು ಸೌತೆಕಾಯಿ ಚೂರನ್ನು ಅಗಿಯುತ್ತಲೇ ಇದ್ದರು.

ನಾನು ಚೀಟಿ ಸಿಕ್ಕಿಸಿದೆ. ಗಾಳಿ ಮೊದಲ ಸಾಲು ದಾಟಿತು, ಎರಡು, ಮೂರು. ಕಾಗದ ಪಟಪಟ ಅನ್ನುವುದನ್ನು ಎಣಿಸುತ್ತ ನಿಂತಿದ್ದೆ. ಎಂಟಾಯಿತು. ಅಲ್ಲಿ ನಿಂತಿತು. ಅಂಚು ಮಡಚಿಕೊಂಡ ಚೀಟಿ ನನ್ನ ಹಣೆಗೆ ಬಡಿದು, ಜಾರಿ, ಶಾಂಭವಿಯ ಮಡಿಲಿಗೆ ಬಿತ್ತು. ಅವಳು ಮಡಚಿದ ಕಡೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಓದಿ ಮುಗಿಸಿ ತಲೆ ಎತ್ತಿದಳು.

"ಅತ್ತಿಗೆ, ನಿಮ್ಮ ಸಾರಿಗೆ ಅಮ್ಮ ಉಪ್ಪು ಹಾಕಿಸ್ತಿದ್ರಾ?"

ಪಂಕ್ತಿಯಲ್ಲಿ ಅಗಿಯುವ ಸದ್ದೂ ನಿಂತಿತು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಅಷ್ಟರಲ್ಲಿ ಬೀದಿಬಾಗಿಲಿನ ಚಿಲಕ ಅಲ್ಲಾಡಿತು. ಗಾಳಿ ಹೊರಡಲು ಸಿದ್ಧವಾಗುತ್ತಿತ್ತು. ನಾಚಿಕೆಪಡಲು ಹೊತ್ತಿರಲಿಲ್ಲ. ಚೀಟಿ ಕಿತ್ತುಕೊಂಡು ಕುಂಬಳಕಾಯಿಯ ಮುಂದೆ ಹೋಗಿ ನಿಂತೆ, ಎಲ್ಲರೂ ನೋಡುತ್ತಿದ್ದರೂ.

"ಸೊಸೆ ಬೆನ್ನು ತಿರುಗಿಸಿದಾಗ" ಅಂತ ಓದಿದೆ. "ಮೊದಲು ಸೊಸೆ ಬೆನ್ನು ತಿರುಗಿಸ್ತಾಳೆ. ಆಮೇಲೆ ಗಾಳಿ ಉಪ್ಪು ನೋಡತ್ತೆ. ಸೊಸೆ ಅಂದ್ರೆ..."

ಸೊಸೆ ಅಂದರೆ ಯಾರು? ಅತ್ತೆಯ ಚೀಟಿಯಲ್ಲಿ ಅದು ನಾನು. ಈ ಚೀಟಿ ನನ್ನದು. ನನಗೆ ಮಕ್ಕಳಿಲ್ಲ, ಸೊಸೆ ಎಲ್ಲಿಂದ ಬರಬೇಕು? ಗಾಳಿ ಮನೆಯಿಡೀ ಹುಡುಕಿರುತ್ತದೆ, ಆ ಹೆಸರಿನವರು ಯಾರೂ ಸಿಕ್ಕಿರುವುದಿಲ್ಲ. ಅತ್ತೆ ಹೋದ ದಿನವೇ ನಾನು ಸೊಸೆಯಾಗಿರುವುದು ಮುಗಿದಿತ್ತು, ನನಗೇ ಅದು ಹೊಳೆದಿರಲಿಲ್ಲ. ವರ್ಷವಿಡೀ ಬಾರದಿದ್ದ ಅಳು ಆಗ ಬಂತು. ಕುಂಬಳಕಾಯಿ ಹಿಡಿದುಕೊಂಡು ಅತ್ತುಬಿಟ್ಟೆ.

"ಮಾದಲಮ್ಮ, ಬೇಳೆ ಇನ್ನು ಆರೇ ಉಳಿದಿರೋದು" ಅಂದರು ಜೈತುನ್‌ಬಿ.

ಆ ಸಾಲನ್ನು ಹೊಡೆದುಹಾಕಿದರೆ ಚೀಟಿ ನಡೆಯುತ್ತಿತ್ತು. ಮನೆ ಉಳಿಯುತ್ತಿತ್ತು. ನಕಲು ಮಾಡುವಾಗ ಏನೋ ತಪ್ಪಾಯಿತು, ನನ್ನ ಸಾರಿಗೆ ಯಾರ ಉಪ್ಪೂ ಬೇಕಿಲ್ಲ ಅಂತ ನಾನು ಹೇಳಿದ್ದರೆ ಎಲ್ಲರೂ ಮರ್ಯಾದೆಗೆ ತಲೆಯಾಡಿಸುತ್ತಿದ್ದರು. ಆಮೇಲೆ ದಿನಾ ಆ ಜ್ವರದ ಸಾರು ಉಣ್ಣುತ್ತಿದ್ದರು. ಸೊಸೆ ಅನ್ನುವುದನ್ನು ಹೊಡೆದು ಅದರ ಮೇಲೆ ಮಾದಲಾಂಬೆ ಅಂತ ಬರೆದೆ. ಒಂದೇ ಒಂದು ಪದ. ಸ್ಟೂಲು ಹತ್ತಿ ಸಿಕ್ಕಿಸಿದೆ.

ಚಿಲಕ ಅಲ್ಲಾಡುವುದು ನಿಂತಿತು. ಕಾಗದ ಪಟಪಟ ಅಂದಿತು, ಹದಿನಾಲ್ಕರ ತನಕ. ಆಮೇಲೆ ಹೊಗೆಯ ಗಂಟು ಬಿಚ್ಚಿಕೊಂಡು ಮೇಲಕ್ಕೆ ಎದ್ದಿತು, ಒಲೆ ಧಗ್ಗೆಂದಿತು, ಶಿವಬಸಯ್ಯನವರ ಹಣೆಯ ಬೆವರು ಆರತೊಡಗಿತು. ನಮ್ಮೆಜಮಾನರು ಬೀಸಣಿಗೆ ಕೆಳಗಿಟ್ಟರು.

ಇನ್ನು ಸಾರು ಬಡಿಸಬೇಕು. ಪಾತ್ರೆ ಅಲ್ಲೇ ಎಲ್ಲರ ಕಣ್ಣೆದುರಿಗೇ ಹಬೆಯಾಡುತ್ತಿತ್ತು, ಪಕ್ಕದಲ್ಲಿ ಉಪ್ಪಿನ ಜಾಡಿ. ಎಲ್ಲರೂ ಜಾಡಿಯನ್ನೇ ನೋಡುತ್ತಿದ್ದರು. ನಾನು ಸೆರಗಿನಿಂದ ಮುಖ ಒರೆಸಿಕೊಂಡು, ಪಾತ್ರೆಗೆ ಬೆನ್ನು ಮಾಡಿ, ಗೋಡೆ ನೋಡುತ್ತ ನಿಂತೆ.

ಜೈತುನ್‌ಬಿ ಎಂಜಲು ಕೈಯಲ್ಲೇ ಕೂತಲ್ಲಿಂದ ತಿರುಗಿ ಗೋಡೆಗೆ ಮುಖ ಮಾಡಿದರು. "ಏನ್ ನೋಡ್ತಾ ಇದೀರಿ, ಆ ಕಡೆ ತಿರುಗಿ" ಅಂದರು. ಶಿವಬಸಯ್ಯನವರು ಎಲೆ ಸಮೇತ ತಿರುಗಿದರು. ಪಂಕ್ತಿಗೆ ಪಂಕ್ತಿಯೇ ತಿರುಗಿತು. ನಮ್ಮೆಜಮಾನರು ಮಜ್ಜಿಗೆ ಪಾತ್ರೆ ಹಿಡಿದುಕೊಂಡು ನನ್ನ ಪಕ್ಕ ಬಂದು ನಿಂತರು. ಕೊನೆಗೆ ಶಾಂಭವಿಯೂ ಹಗ್ಗ ಕೆಳಗಿಟ್ಟು ನನ್ನ ಇನ್ನೊಂದು ಪಕ್ಕಕ್ಕೆ ಬಂದಳು. ಹಿಂದೆ ಜಾಡಿಯ ಮುಚ್ಚಳ ಏಳುವುದು ಕೇಳಿಸಿತು. ಎಷ್ಟು ಹೊತ್ತಾದರೂ ಅದು ಮತ್ತೆ ಕೆಳಗಿಳಿಯಲಿಲ್ಲ. ಯಾರೂ ನಗಲಿಲ್ಲ.

"ಅತ್ತಿಗೆ," ಅಂತ ಶಾಂಭವಿ ಗೋಡೆಗೆ ಹೇಳುವಂತೆ ಮೆಲ್ಲಗೆ ಕೇಳಿದಳು, "ಅಮ್ಮ ನನ್ನ ರವೆಉಂಡೆಗೂ ಏನಾದ್ರೂ ಬರೆದಿದ್ರಾ?"

"ಇಲ್ಲಮ್ಮ. ನಿನ್ನ ಉಂಡೆ ಅಂದ್ರೆ ಅವರಿಗೆ ಪ್ರಾಣ" ಅಂದೆ.

ಅತ್ತೆಯ ಮೂವತ್ತೊಂದನೇ ಸಾಲನ್ನು ನಾನು ನನ್ನ ಚೀಟಿಗೆ ಹನ್ನೊಂದನೆಯದಾಗಿ ಇಳಿಸಿಕೊಂಡಿದ್ದೆ. ಶಾಂಭವಿ ತಂದ ಉಂಡೆಗಳನ್ನು ಯಾರೂ ನೋಡದಿರುವಾಗ ಹಿತ್ತಿಲಿನ ಕಾಗೆಗಳಿಗೆ ಹಾಕಿ, ಡಬ್ಬಿ ಖಾಲಿ ಮಾಡಿ ಇಡು. ಅದರಲ್ಲಿ ಹೆಸರೇ ಇದ್ದುದರಿಂದ ಗಾಳಿಗೆ ಯಾವ ತೊಡಕೂ ಆಗಿರಲಿಲ್ಲ. ಈಗ ಇಡೀ ಮೆಸ್ಸಿನಲ್ಲಿ ಒಬ್ಬರೂ ಆ ಕಡೆ ನೋಡುತ್ತಿರಲಿಲ್ಲ. ಹಿಂದೆ ಡಬ್ಬಿಯ ಮುಚ್ಚಳ ಕಿರ್ರೆನ್ನುವ ಮೊದಲೇ ನಾನು ಜೋರಾಗಿ ಕೆಮ್ಮತೊಡಗಿದೆ. ಒಂದು ಕ್ಷಣ ತಡೆದು ನಮ್ಮೆಜಮಾನರೂ ಕೆಮ್ಮಿದರು.